ನೂರಹನ್ನೆರಡು ಪರ್ಸೆಂಟ್ ಎಣ್ಣೆ

ಎರಡು ದಿನ ರಜೆ ಮುಗಿಸಿ ಲ್ಯಾಬಿಗೆ ಬಂದಾಗ ನನ್ನ ಮೇಜಿನ ಮೇಲೆ ಕಾಜು ಕತ್ಲಿಯ ಡಬ್ಬ ಇತ್ತು. ನಮ್ಮ ಕಂಪನಿಯಲ್ಲಿ ಸಿಹಿ ಹಂಚಿದ್ದಾರೆ ಎಂದರೆ ನಾನಿಲ್ಲದಾಗ ಏನೋ ನಡೆದಿದೆ ಎಂದೇ ಅರ್ಥ.

ಕಂಪನಿ ನವಿ ಮುಂಬಯಿಯ ರಬಾಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಕೆಳಗೆ ಡ್ರಮ್ಮುಗಳು, ಮೇಲೆ ಲ್ಯಾಬು, ಲ್ಯಾಬಿನ ಪಕ್ಕದಲ್ಲಿ ಗಾಜಿನ ಬಾಗಿಲಿನ ಆಫೀಸು. ಮಾಲೀಕರು ಮಧ್ವರಾಜ್ ಸರ್. ಉಡುಪಿ ಕಡೆಯವರು, ಠಾಣೆಯ ನೌಪಾಡಾದಲ್ಲಿ ಅವರ ತಂದೆ ಕಟ್ಟಿದ ಸಸ್ಯಾಹಾರಿ ಹೋಟೆಲಿದೆ. ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆಯನ್ನು ಸಾಬೂನಿನವರಿಗೆ ಮಾರುತ್ತಿದ್ದವರು, ಸಾಬೂನಿನವರಿಂದ ಕೆಮಿಕಲ್ ಕಲಿತು, ಕೆಮಿಕಲ್ಲಿನಿಂದ ಭೂಮಿಯೊಳಗಿನ ಎಣ್ಣೆಗೆ ಇಳಿದರು. ಇಳಿಯುವಾಗ ಜೊತೆಗೆ ಒಬ್ಬರು ಕೆಮಿಸ್ಟ್ ಬೇಕಾಗಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಕೆಲಸ ಹುಡುಕುತ್ತಿದ್ದ ನಾನು ಸಿಕ್ಕಿದೆ.

ನನ್ನ ಕೆಲಸ ಏನು ಎಂದು ಬಿಲ್ಡಿಂಗಿನವರು ಕೇಳಿದರೆ ಲೋಕಲ್ ಟ್ರೇನಿನ ಉದಾಹರಣೆ ಕೊಡುತ್ತೇನೆ. ಭೂಮಿಯೊಳಗೆ ಎಣ್ಣೆ ಕೆರೆಯಂತೆ ನಿಂತಿರುವುದಿಲ್ಲ, ಮರಳುಗಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತಿರುತ್ತದೆ. ಬಾವಿಯ ಒತ್ತಡ ಇಳಿದ ಮೇಲೆ ಪಕ್ಕದ ಬಾವಿಯಿಂದ ನೀರು ತಳ್ಳಿ ಅದನ್ನು ದಬ್ಬುತ್ತಾರೆ. ನೀರಿಗೋ, ಅಗಲವಾದ ದಾರಿ ಸಿಕ್ಕಿದರೆ ಅದರಲ್ಲೇ ಓಡುವ ಬುದ್ಧಿ. ಇಕ್ಕಟ್ಟಿನಲ್ಲಿ ಕೂತ ಎಣ್ಣೆಯ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಹೀಗೆ ಅರ್ಧ ಎಣ್ಣೆ ಒಳಗೇ ಉಳಿಯುತ್ತದೆ. ಆಗ ಬೇರೆ ಎಣ್ಣೆಯನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದು, ಹನಿಗಳು ಒಂದಕ್ಕೊಂದು ಅಂಟದಂತೆ ಸಾಬೂನಿನಂಥ ಪದಾರ್ಥ ಬೆರೆಸಿ, ಹಾಲಿನ ಹಾಗೆ ಕಾಣುವ ದ್ರವ ಮಾಡಿ ಒಳಗೆ ಬಿಡುತ್ತೇವೆ. ಅದೇ ಎಮಲ್ಶನ್. ಅದರ ಹನಿಗಳು ಅಗಲ ದಾರಿಗಳ ಬಾಯಿಗೆ ಹೋಗಿ, ಡೊಂಬಿವಲಿ ಫಾಸ್ಟ್ ಲೋಕಲಿನ ಬಾಗಿಲಲ್ಲಿ ನಿಲ್ಲುವವರ ಹಾಗೆ ನಿಂತುಬಿಡುತ್ತವೆ. ಒಳಗೆ ಹೋಗುವುದಿಲ್ಲ, ಇಳಿಯುವುದೂ ಇಲ್ಲ. ಹಿಂದಿನಿಂದ ಬಂದ ನೀರು ಬೇರೆ ಗತಿಯಿಲ್ಲದೆ ಇಕ್ಕಟ್ಟಿಗೆ ನುಗ್ಗುತ್ತದೆ, ಅಲ್ಲಿದ್ದ ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ.

ಇಷ್ಟು ಹೇಳಿದರೆ ಬಿಲ್ಡಿಂಗಿನವರು ಎಣ್ಣೆಯ ವಿಷಯ ಬಿಟ್ಟು ಬಾಗಿಲಲ್ಲಿ ನಿಲ್ಲುವವರನ್ನು ಬೈಯಲು ಶುರುಮಾಡುತ್ತಾರೆ.

ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಲು ಮೊಣಕೈ ಉದ್ದದ ಉಕ್ಕಿನ ಕೊಳವೆ ಇದೆ. ಅದರೊಳಗೆ ಮರಳುಗಲ್ಲು ತುಂಬಿ, ಕಲ್ಲಿಗೆ ಕಚ್ಚಾ ಎಣ್ಣೆ ಕುಡಿಸಿ, ಮೊದಲು ನೀರು, ಆಮೇಲೆ ಎಮಲ್ಶನ್ ತಳ್ಳಿ, ಎಷ್ಟು ಎಣ್ಣೆ ಹೊರಬಂತು ಎಂದು ಗಾಜಿನ ನಳಿಗೆಯಲ್ಲಿ ಅಳೆಯುತ್ತೇವೆ. ನಾನು ಅದನ್ನು ಕಾಲಂ ಎನ್ನುತ್ತೇನೆ. ಮಧ್ವರಾಜ್ ಸರ್ ಬಾವಿ ಎನ್ನುತ್ತಾರೆ. ನನ್ನ ಮಗಳು ಚಿನ್ನುಗೆ ಜ್ವರ ಬಂದು ನಾನು ಮನೆಯಲ್ಲಿದ್ದಾಗ, ಸರ್ ಮತ್ತು ಮಾರ್ಕೆಟಿಂಗಿನ ಜಯೇಶ್ ಇಬ್ಬರೇ ಸೇರಿ ಆ ಬಾವಿಯನ್ನು ಓಡಿಸಿದ್ದರು.

"ಬನ್ನಿ ಅಪರ್ಣಾ ಮೇಡಂ, ಬನ್ನಿ. ಮೊದಲು ಬಾಯಿ ಸಿಹಿ ಮಾಡಿ," ಎಂದರು ಸರ್.

"ಎಷ್ಟು ಬಂತು ಸರ್?"

"ನೂರಹನ್ನೆರಡು."

"ಮಿಲಿಲೀಟರಾ?"

"ಪರ್ಸೆಂಟ್ ಮಾರಾಯ್ರೆ!"

ನಾನು ಕತ್ಲಿಯನ್ನು ಡಬ್ಬದಲ್ಲಿ ವಾಪಸ್ ಇಟ್ಟೆ. "ಒಳಗೆ ಇದ್ದದ್ದೇ ನೂರು ಸರ್."

"ಅದನ್ನೇ ಹೇಳುದು ನಾನು. ಇದ್ದದ್ದು ನೂರು, ಬಂದದ್ದು ನೂರಹನ್ನೆರಡು. ಪ್ರಪಂಚದಲ್ಲಿ ಯಾರಾದ್ರೂ ಮಾಡಿದ್ದಾರಾ?"

ನಾನು ಯೋಚಿಸಿ, "ಯಾರೂ ಮಾಡಿರಲಾರರು ಸರ್," ಎಂದೆ. ಅದು ನಿಜವೇ ಆಗಿತ್ತು. ಅವರು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡು ಜಯೇಶನ ಬೆನ್ನು ತಟ್ಟಿದರು.

ತಪ್ಪು ಎಲ್ಲಿ ಆಗಿದೆ ಎಂದು ಹುಡುಕುವ ಅಗತ್ಯವೇ ಇರಲಿಲ್ಲ. ನಳಿಗೆಗಳನ್ನು ಸಾಲಾಗಿ ಇಟ್ಟಿದ್ದರು. ನೀರು ತಳ್ಳಿದಾಗ ಐವತ್ತು ಬಂದಿತ್ತು. ಎಮಲ್ಶನ್ ತಳ್ಳಿದ ಮೇಲೆ ಇನ್ನೂ ಅರವತ್ತೆರಡು. ಆದರೆ ಎಮಲ್ಶನ್ ಎಂದರೇನು? ಅದರೊಳಗೇ ಎಣ್ಣೆ ಇದೆ. ನಾವೇ ತಳ್ಳಿದ ಆ ಎಣ್ಣೆ ಕಲ್ಲನ್ನು ದಾಟಿ, ಕಚ್ಚಾ ಎಣ್ಣೆಯ ಜೊತೆ ಕಪ್ಪಾಗಿ, ನಳಿಗೆಯಲ್ಲಿ ಬಂದು ಕೂತಿತ್ತು. ಇಬ್ಬರೂ ಅದನ್ನೂ ಎಣಿಸಿದ್ದರು. ಕೂತು ಲೆಕ್ಕ ಕಳೆದು ನೋಡಿದೆ. ಅರವತ್ತೆರಡರಲ್ಲಿ ಐವತ್ತಮೂರು ನಮ್ಮದೇ. ಕಲ್ಲಿನಿಂದ ನಿಜವಾಗಿ ಹೆಚ್ಚಿಗೆ ಬಂದದ್ದು ಒಂಬತ್ತು.

ಒಂಬತ್ತು! ನನ್ನ ಕಣ್ಣಲ್ಲಿ ನೀರು ಬಂತು. ನಾನು ಈ ಕಂಪನಿ ಸೇರಿದಂದಿನಿಂದ ಎರಡು, ಮೂರು, ಒಮ್ಮೆ ನಾಲ್ಕೂವರೆ ನೋಡಿದವಳು. ಹಳೆಯ ಬಾವಿಯೊಂದರ ಒಟ್ಟು ಎಣ್ಣೆಯಲ್ಲಿ ನೂರಕ್ಕೆ ಒಂಬತ್ತು ಹೆಚ್ಚಿಗೆ ಮೇಲೆ ಬಂದರೆ ಅದು ಹೊಸ ಬಾವಿ ತೋಡಿದ ಹಾಗೆ. ಇಷ್ಟು ವರ್ಷ ಬೆಳಗಿನ ಟ್ರೇನು, ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸುವ ಓಟ, ಒಡೆದುಹೋದ ಬ್ಯಾಚುಗಳು, ಎಲ್ಲ ಈ ಒಂಬತ್ತಕ್ಕಾಗಿಯೇ ಇತ್ತು. ಅದು ಬಂದಿತ್ತು. ಬಂದು, ನೂರಹನ್ನೆರಡರ ಅಡಿಯಲ್ಲಿ ಸಿಕ್ಕಿಕೊಂಡಿತ್ತು.

ಇದನ್ನು ಸರ್‌ಗೆ ಹೇಳಬೇಕಿತ್ತು, ಹೇಳುವುದು ಸುಲಭವಿರಲಿಲ್ಲ. ನೌಪಾಡಾದ ಹೋಟೆಲಿನಲ್ಲಿ ಗಿರಾಕಿಗೆ 'ಇಲ್ಲ' ಅನ್ನಬಾರದು ಎನ್ನುವುದು ಅವರ ತಂದೆ ಹಾಕಿದ ನಿಯಮ. ಮಸಾಲೆದೋಸೆ ಮುಗಿದಿದ್ದರೆ 'ಉತ್ತಪ್ಪ ಬಿಸಿ ಉಂಟು' ಅನ್ನಬೇಕು. ಟೇಬಲ್ ಸಿಗದಿದ್ದರೆ 'ಎರಡು ನಿಮಿಷ ಉಂಟು' ಅನ್ನಬೇಕು. ಮಗ ಈ ನಿಯಮವನ್ನು ಲ್ಯಾಬಿಗೂ ತಂದಿದ್ದರು. ಬ್ಯಾಚು ಒಡೆದರೆ 'ಎಮಲ್ಶನ್ ನಿಂತಿಲ್ಲ' ಎಂದು ರಿಪೋರ್ಟಿನಲ್ಲಿ ಬರೆಯುವಂತಿರಲಿಲ್ಲ. 'ಎಣ್ಣೆ ಮೇಲಿದೆ, ನೀರು ಕೆಳಗಿದೆ' ಎಂದು ಬರೆಯುತ್ತಿದ್ದೆ. ಓದಿದವರಿಗೆ ಎರಡೂ ಕ್ಷೇಮವಾಗಿವೆ ಎಂದೇ ಅನ್ನಿಸುತ್ತಿತ್ತು.

ಆದ್ದರಿಂದ ವಾಕ್ಯವನ್ನು ಬಾಯೊಳಗೇ ಎರಡು ಸಲ ತಿರುಗಿಸಿ ನೋಡಿ ಹೇಳಿದೆ. "ಸರ್, ಈ ನೂರಹನ್ನೆರಡರಲ್ಲಿ ನಮ್ಮ ಎಣ್ಣೆಯೂ ಸೇರಿದೆ. ನಾವು ಎಮಲ್ಶನ್ನಿನಲ್ಲಿ ಹಾಕಿದ್ದು."

"ಸೇರಲಿ. ಬಂದದ್ದು ಎಣ್ಣೆ ಹೌದೋ ಅಲ್ವೋ?"

"ಎಣ್ಣೆ ಹೌದು. ಆದರೆ ಅದು ಬಾವಿಯದ್ದಲ್ಲ."

"ಎಣ್ಣೆಗೆ ಹೆಸರು ಬರೆದಿರ್ತದಾ ಮೇಡಂ? ನಮ್ಮ ಹೋಟೆಲಲ್ಲಿ ರಾತ್ರಿ ಸ್ಟಾಕ್ ನೋಡುವಾಗ ಬಾಣಲೆಯಲ್ಲಿ ಉಳಿದದ್ದನ್ನೂ ಜಮೆಗೆ ಹಿಡೀತೇವೆ. ಬೆಳಿಗ್ಗೆ ಯಾರು ಹೊಯ್ದದ್ದು, ಯಾವ ಡಬ್ಬದ್ದು ಅಂತ ಕೇಳ್ಲಿಕ್ಕೆ ಉಂಟಾ? ಪಾತ್ರೆಯಲ್ಲಿ ಕಂಡದ್ದೆಲ್ಲ ಜಮೆ."

ಆಗ ನನಗೆ ಅರ್ಥವಾಯಿತು. ಅವರು ಮೋಸ ಮಾಡಿರಲಿಲ್ಲ. ಹೋಟೆಲಿನವರು ಅಳೆಯುವ ಹಾಗೆ ಪ್ರಾಮಾಣಿಕವಾಗಿ ಅಳೆದಿದ್ದರು. ಮೋಸವಾಗಿದ್ದರೆ ನನಗೆ ಎದುರಿಸಲು ಸುಲಭವಾಗುತ್ತಿತ್ತು.

ಗಾಜಿನ ಬಾಗಿಲಿನಾಚೆ ಅವರ ತಾಯಿ ವೇದಾವತಿ ಅಮ್ಮ ಗಂಡನ ಫೋಟೋದ ಕೆಳಗೆ ಕೂತಿದ್ದರು. ಕಂಪನಿಯ ಛೇರ್ಮನ್ ಅವರೇ. ದಿನಾ ನೌಪಾಡಾದಿಂದ ಕಾರಿನಲ್ಲಿ ತಿಂಡಿಯ ಡಬ್ಬಗಳೊಡನೆ ಬಂದು, ಹೋಟೆಲಿನ ಗಲ್ಲಾದ ಮೇಲೆ ಕೂತ ಹಾಗೆಯೇ ಇಲ್ಲೂ ಕೂರುತ್ತಾರೆ. ಧೈರ್ಯ ಮಾಡಿ ಅವರ ಬಳಿ ಹೋದೆ.

"ಅಮ್ಮ, ಇದು ನಾವೇ ಹಾಕಿದ ಎಣ್ಣೆ. ಅದೇ ವಾಪಸ್ ಬಂದಿದೆ, ಅಷ್ಟೇ."

"ಬಂತಲ್ಲ? ಹಾಕಿದ್ದು ವಾಪಸ್ ಬರುವ ವ್ಯಾಪಾರ ಈಗ ಎಲ್ಲಿ ಉಂಟು ಮಗಾ? ಕೂತ್ಕೋ, ಪತ್ರೊಡೆ ತಿನ್ನು."

ಪತ್ರೊಡೆ ಚೆನ್ನಾಗಿತ್ತು. ನನ್ನ ಎರಡನೇ ವಾಕ್ಯ ಅದರ ಜೊತೆ ಒಳಗೆ ಹೋಯಿತು.

ಗುರುವಾರ ಬೇಲಾಪುರದಿಂದ ತೈಲ ನಿಗಮದ ಅಧಿಕಾರಿಯೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ನಮ್ಮ ಎಮಲ್ಶನ್ನನ್ನು ನಿಗಮದ ಹಳೆಯ ಬಾವಿಯೊಂದಕ್ಕೆ ಬಿಟ್ಟು ನೋಡುತ್ತಾರೆ. ಅದಕ್ಕೆ ಲ್ಯಾಬಿನ ಮುಖ್ಯಸ್ಥರ ಸಹಿ ಬೇಕು. ಮುಖ್ಯಸ್ಥೆ ನಾನು. ಜಯೇಶ್ ಆಗಲೇ ಸ್ಲೈಡು ಮಾಡಿಬಿಟ್ಟಿದ್ದ. ಕಪ್ಪು ಹಿನ್ನೆಲೆ, ಮಧ್ಯದಲ್ಲಿ ಚಿನ್ನದ ಬಣ್ಣದ ನೂರಹನ್ನೆರಡು, ಸುತ್ತ ಬೆಂಕಿ.

"ಬೆಂಕಿ ಯಾಕೆ ಜಯೇಶ್?"

"ಇಂಪ್ಯಾಕ್ಟ್, ಮೇಡಂ. ಆಪ್ ಸಿರ್ಫ್ ಸೈನ್ ಕರೋ, ಬಾಕಿ ಹೋ ಜಾಯೇಗಾ."

ಅಂದು ಸಂಜೆ ಮನೆಯಲ್ಲಿ ಹೇಳಿಕೊಂಡೆ. ನನ್ನ ಗಂಡ ಸುಪ್ರೀತ್ ಐರೋಲಿಯ ಐಟಿ ಪಾರ್ಕಿನಲ್ಲಿ ಒಂದು ಆ್ಯಪ್ ಕಂಪನಿಗೆ ಹೋಗುತ್ತಾರೆ. ಚಪಾತಿ ಮುರಿಯುತ್ತಾ ಪೂರ್ತಿ ಕೇಳಿದರು.

"ಇದರಲ್ಲಿ ಹೊಸದೇನಿದೆ? ನಮ್ಮ ಆ್ಯಪನ್ನ ನಾವೇ ಎಂಟುನೂರು ಜನ ಡೌನ್‌ಲೋಡ್ ಮಾಡ್ಕೊಂಡು, ಗ್ರಾಹಕರು ಜಾಸ್ತಿಯಾದರು ಅಂತ ಕೇಕ್ ಕಟ್ ಮಾಡ್ತೀವಿ."

"ನಿಮಗೆ ಏನೂ ಅನ್ನಿಸಲ್ವಾ?"

"ಕೇಕ್ ಚೆನ್ನಾಗಿರತ್ತೆ."

"ನಾನು ಸಹಿ ಹಾಕಿ, ಆಮೇಲೆ ಬಾವಿಯಲ್ಲಿ ಒಂಬತ್ತೇ ಬಂದರೆ? ನೂರಮೂರು ಎಲ್ಲಿ ಅಂತ ನನ್ನ ಕೇಳ್ತಾರೆ. ಆ ಒಂಬತ್ತನ್ನ ಯಾರೂ ಒಂಬತ್ತು ಅಂತ ನೋಡಲ್ಲ."

ಜ್ವರ ಬಿಟ್ಟು ಎದ್ದು ಕೂತಿದ್ದ ಚಿನ್ನು ತಟ್ಟೆಯಿಂದ ತಲೆ ಎತ್ತಿದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ತೀರ್ಪು ಕೊಡುತ್ತಾಳೆ. "ನೌ ಪರ್ಸೆಂಟ್? ಮಮ್ಮಾ, ಉಸ್‌ಮೇ ತೋ ಫೇಲ್ ಕರ್‌ತೇ ಹೈಂ." ಒಂಬತ್ತಕ್ಕೆ ಫೇಲ್ ಮಾಡುತ್ತಾರಂತೆ.

ಮರುದಿನ ಠಾಣೆಯಲ್ಲಿ ಟ್ರೇನು ಬದಲಿಸಿ ಐರೋಲಿಯ ತನಕ ನಿಂತೇ ಇದ್ದಾಗ ಉಪಾಯ ಹೊಳೆಯಿತು. ಹೊಳೆಯಿತು ಅನ್ನುವುದು ದೊಡ್ಡ ಮಾತು, ಬಿ.ಎಸ್ಸಿ. ಮೊದಲ ವರ್ಷದ ಪಾಠ ಅದು. ಒಂದು ಪರೀಕ್ಷೆಯ ಮೇಲೆ ಅನುಮಾನವಿದ್ದರೆ ಏನೂ ಹಾಕದ ಖಾಲಿ ಪರೀಕ್ಷೆಯನ್ನೂ ಪಕ್ಕದಲ್ಲಿ ಮಾಡಿ ತೋರಿಸಬೇಕು. ಇನ್ನೊಂದು ಕಾಲಂ ತುಂಬುತ್ತೇನೆ. ಅದೇ ಮರಳುಗಲ್ಲು, ಆದರೆ ಕಚ್ಚಾ ಎಣ್ಣೆ ಒಂದು ಹನಿಯೂ ಇಲ್ಲ. ಅದಕ್ಕೂ ಎಮಲ್ಶನ್ ತಳ್ಳುತ್ತೇನೆ. ಎಣ್ಣೆಯೇ ಇಲ್ಲದ ಕಲ್ಲಿನಿಂದ ಎಣ್ಣೆ ಬಂದರೆ, ಅದು ಯಾರ ಎಣ್ಣೆ ಎಂದು ಯಾರಿಗೂ ವಿವರಿಸಬೇಕಿಲ್ಲ. ನಾನು 'ಇಲ್ಲ' ಅನ್ನಬೇಕಾಗಿಯೇ ಇಲ್ಲ. ಕಲ್ಲೇ ಅಂದುಬಿಡುತ್ತದೆ.

"ಸರ್, ಗುರುವಾರ ಎರಡು ಬಾವಿ ತೋರಿಸೋಣ," ಎಂದೆ.

"ಎರಡಾ? ತೋರಿಸುವ! ಒಂದು ತಿಂಡಿ ಕೇಳಿದವರಿಗೆ ಎರಡು ಬಂದ್ರೆ ಯಾರು ಬೇಡ ಅಂತಾರೆ?"

ಗುರುವಾರ ಬಂದ ಅಧಿಕಾರಿಯ ಹೆಸರು ಹಣಮಂತ್ರಾಯ. ಕಲಬುರಗಿಯವರು, ಎತ್ತರದ ಆಳು, ನಿವೃತ್ತಿ ಹತ್ತಿರವಿತ್ತು. ನಮ್ಮ ಕನ್ನಡ ಕೇಳಿದ ಕೂಡಲೇ ಟೈ ಸಡಿಲ ಮಾಡಿದರು.

"ಅರೇ, ಎಲ್ಲಾರೂ ನಮ್ಮವ್ರೇ ಅದೀರಲ್ಲ! ಬೇಲಾಪುರದಾಗ ಹಿಂದಿ ಮಾತಾಡಿ ಮಾತಾಡಿ ನಾಲಿಗಿ ಒಣಗಿ ಹೋಗ್ಯದ."

"ಮೊದಲು ತಿಂಡಿ," ಎಂದರು ವೇದಾವತಿ ಅಮ್ಮ. ನೀರುದೋಸೆ, ಬನ್ಸ್, ಗಸಿ. ಅವರ ಲೆಕ್ಕದಲ್ಲಿ ಹೊಟ್ಟೆ ತುಂಬಿದ ಗಿರಾಕಿ ಬಿಲ್ಲು ಓದುವುದಿಲ್ಲ. ಹಣಮಂತ್ರಾಯರು ನಾಲ್ಕು ಬನ್ಸ್ ತಿಂದು, ಐದನೆಯದನ್ನು ಕೈಯಲ್ಲಿ ಹಿಡಿದೇ ಲ್ಯಾಬಿಗೆ ಬಂದರು. ಜಯೇಶನ ಬೆಂಕಿ ನೋಡಿದರು. ನೂರಹನ್ನೆರಡು ನೋಡಿದರು. ಮುಖ ಬದಲಾಗಲಿಲ್ಲ.

"ಏನ್ರಿ ಇದು, ಪರೀಕ್ಷಾದಾಗ ಔಟ್ ಆಫ್‌ಕಿಂತ ಜಾಸ್ತಿ ಮಾರ್ಕ್ಸ್ ಬಿದ್ದಂಗ ಅದಲ್ಲ?"

"ಗ್ರೇಸ್ ಮಾರ್ಕ್ಸ್, ಸರ್," ಎಂದ ಜಯೇಶ್.

ನಾನು ಎರಡನೇ ಕಾಲಮ್ಮಿನ ಪಂಪು ಹಾಕಿದೆ. ಕೊಳವೆಯ ತುದಿಯಿಂದ ಹಾಲಿನಂಥ ದ್ರವ ನಳಿಗೆಗೆ ಇಳಿಯಿತು. ಅದನ್ನು ಬಿಸಿನೀರಿನಲ್ಲಿಟ್ಟು, ಎಣ್ಣೆ ಬಿಡಿಸುವ ಮದ್ದು ಹಾಕಿ ತಿರುಗಿಸಿದೆ. ತಳದಲ್ಲಿ ನೀರು ನಿಂತಿತು. ಮೇಲೆ ತೆಳ್ಳಗೆ, ಹಳದಿಯಾಗಿ, ದೀಪಕ್ಕೆ ಹಾಕುವಂಥ ಎಣ್ಣೆ.

ಮಧ್ವರಾಜ್ ಸರ್ ಚಪ್ಪಾಳೆ ತಟ್ಟಿದರು.

"ನೋಡಿ ಸರ್, ನೋಡಿ! ಕಪ್ಪು ಕೂಡ ಉಳೀಲಿಲ್ಲ. ರಿಫೈನ್ ಆಗಿಯೇ ಬಂತು!"

"ಸರ್, ಈ ಕಲ್ಲಿನಲ್ಲಿ ಎಣ್ಣೆ ಇರಲೇ ಇಲ್ಲ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಒಂದು ಹನಿಯೂ ಇರಲಿಲ್ಲ. ನಾನೇ ತುಂಬಿಸಿದ್ದು."

ಹಣಮಂತ್ರಾಯರು ಬನ್ಸ್ ಕೆಳಗಿಟ್ಟು ನಳಿಗೆಯನ್ನು ಬೆಳಕಿಗೆ ಹಿಡಿದರು. ಮೂಸಿದರು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಂದ್ರ, ನೀವು ಹಾಕಿದ ಎಣ್ಣಿನೇ ಹೊರಗ ಬಂತು."

"ಹೌದು ಸರ್!"

"ಆ ನೂರಾಹನ್ನೆರಡರಾಗೂ ಇದೇ ಕೂಡಿಕೊಂಡದ."

"ಹೌದು ಸರ್. ಕಳೆದರೆ, ಕಲ್ಲಿನಿಂದ ಹೆಚ್ಚಿಗೆ ಬಂದದ್ದು ಒಂಬತ್ತು."

ಅವರು ತಲೆಯಾಡಿಸಿದರು. ನನಗೆ ಎಷ್ಟು ಹಗುರವಾಯಿತೆಂದರೆ ಸ್ಟೂಲಿನ ಮೇಲೆ ಕೂತೆ. ಒಬ್ಬರಿಗಾದರೂ ತಿಳಿಯಿತು. ಹಣಮಂತ್ರಾಯರು ಹೋಗಿ ಲ್ಯಾಬಿನ ಬಾಗಿಲು ಹಾಕಿ ಬಂದರು.

"ತಾಯಿ, ನಮ್ಮ ನಿಗಮದಾಗ ಸತ್ತ ಬಾವಿ ಎಷ್ಟವ ಗೊತ್ತೇನು?"

"ಗೊತ್ತಿಲ್ಲ ಸರ್."

"ನನಗೂ ಗೊತ್ತಿಲ್ಲ. ಯಾಕಂದ್ರ ಯಾರೂ ಬರದಿಲ್ಲ. ಒಂದು ಬಾವಿ ಸತ್ತದ ಅಂತ ಬರದ್ರ ಯಾಕ ಸತ್ತಿತು, ಯಾರ ಕೈಯಾಗ ಸತ್ತಿತು ಅಂತ ಕಮಿಟಿ ಮ್ಯಾಲ ಕಮಿಟಿ ಕೂಡ್ತದ. ವರ್ಷದಾಗ ಒಂದು ದಿನ ಎಣ್ಣಿ ಬಂತು ಅಂದ್ರ ಅದು ಜೀವಂತ. ಒಂದೇ ದಿನ ಸಾಕು." ಅವರು ಹಳದಿ ಎಣ್ಣೆಯನ್ನು ಮತ್ತೆ ಅಲುಗಾಡಿಸಿ ನೋಡಿದರು. ಮಗುವಿನ ಮುಖ ನೋಡಿದ ಹಾಗಿತ್ತು. "ಎಣ್ಣಿ ಇಲ್ಲದ ಕಲ್ಲಿನ್ಯಾಗ ಎಣ್ಣಿ ಬರಸ್ತೀರಿ. ಇದು ನನಗ ಬೇಕಾಗ್ಯದ."

ಕಲ್ಲು ಮಾತಾಡುತ್ತದೆ ಎಂದುಕೊಂಡಿದ್ದೆ. ಮಾತಾಡಿತ್ತು. ಕೇಳಿಸಿಕೊಂಡವರು ಅದಕ್ಕೆ ಕೆಲಸ ಕೊಟ್ಟುಬಿಟ್ಟಿದ್ದರು.

ಮಧ್ವರಾಜ್ ಸರ್‌ಗೆ ವಿಜ್ಞಾನ ನಿಧಾನ, ಗಿರಾಕಿ ಬೇಗ ಅರ್ಥವಾಗುತ್ತದೆ. "ನಮ್ಮಲ್ಲಿ ಎರಡೂ ಉಂಟು ಸರ್. ಜೀವ ಇದ್ದ ಬಾವಿಗೆ ಸಾದಾ, ಸತ್ತದ್ದಕ್ಕೆ ಸ್ಪೆಷಲ್."

"ಸ್ಪೆಷಲ್ಲೇ ಕಳಸ್ರಿ. ಮೇಡಂ ಸಹಿ ಹಾಕಲಿ, ನಾ ನೋಟ್ ಕಳಿಸ್ತೀನಿ."

ಜಯೇಶ್ ಪೆನ್ನು ಮುಂದಿಟ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಡೊಂಬಿವಲಿಯ ಫ್ಲ್ಯಾಟು, ಚಿನ್ನುವಿನ ಶಾಲೆ, ನಲವತ್ತು ದಾಟಿದ ಕೆಮಿಸ್ಟನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎನ್ನುವುದು, ಎಲ್ಲವೂ ಕ್ರಮವಾಗಿ ತಲೆಯಲ್ಲಿ ಹಾದುಹೋಯಿತು. ಭಯಪಡುವುದರಲ್ಲಿ ನಾನು ಯಾವಾಗಲೂ ಶಿಸ್ತಿನವಳು.

"ಇಲ್ಲ," ಎಂದೆ.

ಗಾಜಿನಾಚೆ ವೇದಾವತಿ ಅಮ್ಮ ತಲೆ ಎತ್ತಿದರು. ಮಧ್ವರಾಜ್ ಸರ್ ತಂದೆಯ ಫೋಟೋದ ಕಡೆ ಒಮ್ಮೆ ನೋಡಿ, ಹಣಮಂತ್ರಾಯರಿಗೆ ಕೈಮುಗಿದರು. "ಮೇಡಮಿಗೆ ಮಗಳ ಜ್ವರ ಬಂದಿದೆ ಅಂತ ಕಾಣ್ತದೆ ಸರ್. ತಲೆ ಸುತ್ತು ಉಂಟು."

"ತಲೆ ಸುತ್ತು ಇಲ್ಲ ಸರ್. ನೂರಹನ್ನೆರಡಕ್ಕೆ ನನ್ನ ಸಹಿ ಇಲ್ಲ. ಸತ್ತ ಬಾವಿಗೂ ಇಲ್ಲ." ಒಂದು ಸಲ ಬಾಯಿಗೆ ಬಂದ ಮೇಲೆ ಅದು ಸುಲಭವಾಗಿ ಬರುತ್ತಿತ್ತು.

"ಹಂಗಾದ್ರ ಚಲೋನೇ ಆಯ್ತಲ್ಲ," ಎಂದರು ಹಣಮಂತ್ರಾಯರು, ಸ್ವಲ್ಪವೂ ಬೇಸರವಿಲ್ಲದೆ. "ಗೊತ್ತಿದ್ದವ್ರು ಸಹಿ ಹಾಕಿದ್ರ ನಾಳೆ ಅವ್ರನ್ನ ಪ್ರಶ್ನೆ ಕೇಳ್ತಾರ. ಗೊತ್ತಿಲ್ಲದವ್ರು ಹಾಕಿದ್ರ ಏನು ಕೇಳ್ತಾರ? ಈ ಹುಡುಗ ಏನು ಓದ್ಯಾನ?"

"ಬಿ.ಕಾಂ., ಸರ್," ಎಂದ ಜಯೇಶ್.

"ಭಾಳ ಚಲೋ."

ನನ್ನ 'ಇಲ್ಲ' ಅಷ್ಟರಲ್ಲೇ ಮುಗಿದುಹೋಗುವುದರಲ್ಲಿತ್ತು. ಆದರೆ ಒಂದು ಮಾತು ನನಗೆ ಗೊತ್ತಿತ್ತು, ಮಧ್ವರಾಜ್ ಸರ್‌ಗೂ ಗೊತ್ತಿತ್ತು. ಜಯೇಶ್ ಸಹಿ ಹಾಕಬಲ್ಲ, ಎಮಲ್ಶನ್ ಮಾಡಲಾರ. ನಾನು ರಜೆ ಹಾಕಿದಾಗೆಲ್ಲ ಬ್ಯಾಚು ಒಡೆಯುತ್ತದೆ. ಬಾವಿಗೆ ಬಿಡಬೇಕಾದರೆ ನೂರಾರು ಡ್ರಮ್ಮು ಬೇಕು, ದಾರಿಯುದ್ದಕ್ಕೂ ಬಿಸಿಲಿನಲ್ಲಿ ಕುಲುಕಿಯೂ ಅದು ಒಡೆಯಬಾರದು.

"ಡ್ರಮ್ಮು ನಾನು ಮಾಡಿಕೊಡ್ತೀನಿ," ಎಂದೆ. "ಆದರೆ ನನಗೆ ಒಂದು ಜೀವಂತ ಬಾವಿ ಬೇಕು. ಚಿಕ್ಕದಾದರೂ ಸರಿ. ಅಲ್ಲಿ ಒಂಬತ್ತು ಅಂತ ಹೇಳಿ ಬಿಡ್ತೀನಿ. ನಾವು ಹಾಕಿದ್ದನ್ನ ಕಳೆದೇ ಅಳೀಬೇಕು. ಅದಕ್ಕೆ ನಾನು ಸಹಿ ಹಾಕ್ತೀನಿ."

ಸತ್ತ ಬಾವಿಯ ಮಾತಿಗೆ ಅರಳಿದ್ದ ಹಣಮಂತ್ರಾಯರ ಮುಖ ಈಗ ಬಾಡಿತು. "ಜೀವಂತ ಬಾವಿ ಹೆಂಗ ಕೊಡ್ಲಿ ತಾಯಿ? ನಿಮ್ಮ ಹನಿ ಹೋಗಿ ಅದರ ಗಂಟಲಾಗ ಕೂತು ಬಾವಿ ಕಟ್ಟಿಕೊಂಡ್ರ ನನ್ನ ಪೆನ್ಶನ್ನೂ ಕಟ್ಟಿಕೊಂಡಂಗ. ಸತ್ತದ್ದು ಮತ್ತ ಸಾಯಂಗಿಲ್ಲ ನೋಡ್ರಿ, ಅದಕ್ಕ ನಮಗ ಸತ್ತದ್ದರ ಮ್ಯಾಲ ಪ್ರೀತಿ."

"ಹಾಗಾದರೆ ಡ್ರಮ್ಮೂ ಇಲ್ಲ ಸರ್."

ಅಷ್ಟರಲ್ಲಿ ವೇದಾವತಿ ಅಮ್ಮ ಗಾಜಿನ ಬಾಗಿಲು ತೆರೆದು ಬಂದರು. ಯಾವ ವಿಷಯಕ್ಕೆ ಜಗಳ ಎಂದು ಅವರಿಗೆ ಎಷ್ಟು ತಿಳಿಯಿತೋ ನನಗೆ ತಿಳಿಯದು. ಗಿರಾಕಿ ಒಂದು ಕಡೆ, ಅಡುಗೆಯವಳು ಒಂದು ಕಡೆ ನಿಂತಿದ್ದಾರೆ ಎಂದು ಮಾತ್ರ ಕಂಡಿರಬೇಕು. ಹೋಟೆಲಿನವರಿಗೆ ಅಡುಗೆಯವರು ಬಿಟ್ಟುಹೋಗುವುದರಷ್ಟು ಭಯ ಬೇರೆ ಯಾವುದರದ್ದೂ ಇರುವುದಿಲ್ಲ.

"ಎಂತ ಸರ್ ನೀವು, ಅಷ್ಟು ಬಾವಿ ಇಟ್ಕೊಂಡು? ಕೊಡಿ ಒಂದು. ಹುಡುಗಿ ಚಿನ್ನ ಕೇಳಿದ್ಲಾ? ಬಾವಿ ಅಲ್ವಾ ಕೇಳಿದ್ದು?" ಎಂದು, ಅವರ ಕೈಗೆ ಆರನೇ ಬನ್ಸ್ ಇಟ್ಟರು.

ಹಣಮಂತ್ರಾಯರು ಬನ್ಸನ್ನೂ ನನ್ನನ್ನೂ ನೋಡಿದರು. "ಮೂಲಿಯಾಗ ಒಂದು ಅದ," ಎಂದರು ಕೊನೆಗೆ. "ಯಾರೂ ಆ ಕಡೆ ಹೋಗಂಗಿಲ್ಲ. ಅದನ್ನ ಕೊಡ್ತೀನಿ. ಆದ್ರ ಉದ್ಘಾಟನಾ ಗಿದ್ಘಾಟನಾ ಇಲ್ಲ."

ಹೀಗೆ ನಾನು ಸುಳ್ಳಿಗೆ ಬೇಕಾದ ಡ್ರಮ್ಮುಗಳನ್ನೂ ನಿಜಕ್ಕೆ ಬೇಕಾದ ಡ್ರಮ್ಮುಗಳನ್ನೂ ಒಂದೇ ಕಡಾಯಿಯಲ್ಲಿ ಮಾಡಿದೆ. ಎರಡರಲ್ಲೂ ಹನಿಗಳು ಒಂದೇ ಗಾತ್ರದವು. ಒಂದು ಗುಂಪಿಗೆ ಜಯೇಶನ ಸಹಿ, ಇನ್ನೊಂದಕ್ಕೆ ನನ್ನದು.

ಸತ್ತ ಬಾವಿ ಮೊದಲು ಎದ್ದಿತು. ಕಂಪನಿಯ ಗ್ರೂಪಿನಲ್ಲಿ ಫೋಟೋಗಳು ಬಂದವು. ಶಾಮಿಯಾನ, ತೆಂಗಿನಕಾಯಿ, ಮಾಲೆ ಹಾಕಿಕೊಂಡ ಜಯೇಶ್, ಅವನ ಕೈಯಲ್ಲಿ ಬಾಟಲಿ ತುಂಬ ಹಳದಿ ಎಣ್ಣೆ. ಭೂಗರ್ಭದಿಂದ ಇಷ್ಟು ಶುದ್ಧ ಎಣ್ಣೆ ಬಂದದ್ದು ಆ ಪ್ರಾಂತ್ಯದಲ್ಲೇ ಮೊದಲು ಎಂದು ಯಾರೋ ಭಾಷಣ ಮಾಡಿದರಂತೆ. ಜಯೇಶನ ಹೊಸ ಕಾರ್ಡಿನಲ್ಲಿ 'ಚೀಫ್ ಸೈಂಟಿಸ್ಟ್' ಎಂದು ಅಚ್ಚಾಯಿತು. ಪಾಪ, ಅವನು ಒಳ್ಳೆಯವನೇ. ಒಂದು ಮಧ್ಯಾಹ್ನ ನನ್ನ ಮೇಜಿಗೆ ಬಂದು ಮೆಲ್ಲಗೆ ಕೇಳಿದ, "ಮೇಡಂ, ಕೋಯಿ ಪೂಛೇ ತೋ, ತೇಲ್ ಪಾನಿ ಕೇ ಊಪರ್ ಕ್ಯೋಂ ರಹತಾ ಹೈ?"

"ಎಣ್ಣೆ ನೀರಿಗಿಂತ ಹಗುರ, ಅದಕ್ಕೆ ಮೇಲೆ ಇರುತ್ತೆ."

"ಬಸ್? ಇತನಾ ಹೀ?" ಇಷ್ಟೇನಾ ಎಂದು ಅವನಿಗೆ ನಿರಾಶೆಯಾಯಿತು.

ಇನ್ನೂ ಐದು ಸತ್ತ ಬಾವಿಗಳಿಗೆ ಹೊಸ ಆರ್ಡರು ಬಂತು. ಮೂಲೆಯ ಬಾವಿಯ ಸುದ್ದಿ ಮಾತ್ರ ಬರಲಿಲ್ಲ. ನಾನು ಪ್ರತಿ ಸೋಮವಾರ ಹಣಮಂತ್ರಾಯರಿಗೆ ಫೋನು ಮಾಡುತ್ತಿದ್ದೆ. "ಇನ್ನಾ ಅಳಿಯಾಕತ್ತಾರ," ಎನ್ನುತ್ತಿದ್ದರು. ರಾತ್ರಿ ಎಚ್ಚರವಾದರೆ, ಹನಿಗಳು ಬಾವಿಯ ಗಂಟಲಲ್ಲಿ ಸಿಕ್ಕಿಕೊಂಡಿವೆ ಎಂದೇ ಅನ್ನಿಸುತ್ತಿತ್ತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಅವರೇ ಫೋನು ಮಾಡಿದರು.

"ತಾಯಿ, ಏಳು ಬಂತು."

"ಏಳು?"

"ನೀವು ಹಾಕಿದ್ದೆಲ್ಲ ಕಳದು ಏಳು. ನಾ ಖುದ್ದ ನಿಂತು ಅಳಸೀನಿ."

ಲ್ಯಾಬಿನಲ್ಲಿ ಒಂಬತ್ತು ಬಂದದ್ದು ಬಾವಿಯಲ್ಲಿ ಏಳಾಗುವುದು ಸಹಜ. ನಿಜವಾದ ಸಂಖ್ಯೆ ಹಾಗೆಯೇ ಬರುತ್ತದೆ, ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯಾಗಿ. ನಾನು ಓಡಿಹೋಗಿ ಮಧ್ವರಾಜ್ ಸರ್‌ಗೆ ಹೇಳಿದೆ.

ಅವರು ಸುತ್ತ ನೋಡಿದರು. "ಏಳಾ? ಮೆಲ್ಲಗೆ ಹೇಳಿ ಮಾರಾಯ್ರೆ. ಹೊರಗೆ ಗೊತ್ತಾದ್ರೆ ಮರ್ಯಾದೆ ಉಂಟಾ ನಮಗೆ?"

ಹಣಮಂತ್ರಾಯರ ಕಷ್ಟ ಇನ್ನೂ ದೊಡ್ಡದಿತ್ತು. ಮರುದಿನ ಮತ್ತೆ ಫೋನು ಮಾಡಿದರು. "ಒಂದು ತೊಡಕಾಗ್ಯದ. ನಿಮ್ಮ ಕಂಪನಿದ್ದು ನೂರಾಹನ್ನೆರಡು ಅಂತ ಮ್ಯಾಲ ತನಕ ಹೋಗ್ಯದ. ಈಗ ಅದೇ ಎಮಲ್ಶನ್ನಿಗೆ ಏಳು ಅಂತ ಬರದ್ರ, ಉಳಿದ ನೂರಾಐದು ಯಾರು ತಿಂದ್ರು ಅಂತ ಕೇಳ್ತಾರ. ಕಳವು ಆಗ್ಯದ ಅಂತ ತಿಳೀತಾರ. ಸುಮ್ಮ ಬಿಟ್ಟುಬಿಡೋಣೇನು? ಏಳು ನಿಮಗ ಗೊತ್ತದ, ನನಗ ಗೊತ್ತದ."

ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಠಾಣೆಯ ಕಡೆಯ ಟ್ರೇನು ಬಂದು, ಬಾಗಿಲಲ್ಲಿ ನಿಂತವರನ್ನು ಹಾಗೆಯೇ ಹೊತ್ತುಕೊಂಡು ಹೊರಟುಹೋಯಿತು. ಹತ್ತಲಿಲ್ಲ.

"ಬರೆಯಿರಿ ಸರ್," ಎಂದೆ. "ಕೇಳಿದರೆ ನನ್ನ ಹೆಸರು ಹೇಳಿ."

"ಖರೇನ?"

"ಖರೇನೇ."

ಬರೆದರು. ಕೇಳಿದರು. ಮೇಲಿನವರು ನನ್ನನ್ನು ಬೇಲಾಪುರಕ್ಕೆ ಕರೆಸಿದರು.

ಉದ್ದನೆಯ ಮೇಜಿನಾಚೆ ಮೂವರು ಕೂತಿದ್ದರು. ನಡುವಿನವರು ವಿಷ್ಣುಮೂರ್ತಿ ಎಂಬ ಹಿರಿಯ ಅಧಿಕಾರಿ, ನಮ್ಮ ಮೈಸೂರು ಕಡೆಯವರೇ. ಬಹಳ ಮೃದುವಾಗಿ ಮಾತಾಡಿದರು.

"ನೋಡಿಮ್ಮಾ, ನಿಮ್ಮ ಕಂಪನಿಯ ಆರು ಬಾವಿಗಳಲ್ಲಿ ಫಲಿತಾಂಶ ಅದ್ಭುತವಾಗಿದೆ. ನೀವು ಸಹಿ ಹಾಕಿದ ಒಂದರಲ್ಲಿ ಮಾತ್ರ ಏಳು. ನೂರಾಐದು ಎಲ್ಲಿ ಹೋಯಿತು?"

"ಅದು ಇರಲೇ ಇಲ್ಲ ಸರ್. ಉಳಿದ ಆರರಲ್ಲಿ ಬಂದದ್ದು ನಾವು ಹಾಕಿದ ಎಣ್ಣೆ."

"ಹಾಕಿದ್ದು ಯಾರು?"

"ನಾವೇ ಸರ್."

"ಹಾಗಾದರೆ ಈ ಬಾವಿಯಲ್ಲೂ ನೀವು ಹಾಕಿದಿರಿ."

"ಹಾಕಿದ್ದೇವೆ. ಅದನ್ನು ಕಳೆದು ಅಳೆದಿದ್ದೇವೆ."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಡಗಡೆ ಕೂತವರು ಪಕ್ಕದವರ ಕಿವಿಯ ಬಳಿ ಬಾಗಿ, "ಕಳೆದಿದ್ದೇವೆ ಅಂತ ಇವರೇ ಒಪ್ಪಿಕೊಂಡರಲ್ಲ," ಎಂದದ್ದು ನನಗೆ ಕೇಳಿಸಿತು. ನಾನು ಕಲ್ಲು, ಹನಿ, ಅಗಲ ದಾರಿ, ಇಕ್ಕಟ್ಟು ಎಲ್ಲ ವಿವರಿಸಿದೆ. ಖಾಲಿ ಕಲ್ಲಿನ ಪರೀಕ್ಷೆಯನ್ನೂ ಹೇಳಿದೆ. ವಿಷ್ಣುಮೂರ್ತಿಯವರು ಗಮನವಿಟ್ಟು ಕೇಳಿ, ಕನ್ನಡಕ ತೆಗೆದು ಒರೆಸಿ, ತೀರ್ಮಾನ ಬರೆಸಿದರು. ಮೂಲೆಯ ಬಾವಿಯಲ್ಲಿ ಹೆಚ್ಚುವರಿ ಎಣ್ಣೆ ನೂರಕ್ಕೆ ಏಳು ಎಂದು ದಾಖಲಿಸಲಾಗಿದೆ. ಕಾಣೆಯಾದ ನೂರಾಐದರ ಬಗ್ಗೆ ಶ್ರೀಮತಿ ಅಪರ್ಣಾ ಅವರ ವಿಚಾರಣೆ ಮುಂದುವರಿಯುವುದು. ಮುಂದಿನ ಮಂಗಳವಾರ ಮತ್ತೆ ಹಾಜರಾಗತಕ್ಕದ್ದು.

"ನಿಮಗೇನಾದರೂ ಹೇಳುವುದಿದೆಯಾ?" ಎಂದು ಕೇಳಿದರು.

"ಮೊದಲನೇ ಸಾಲಿನ ಕೆಳಗೆ ನನ್ನ ಸಹಿ ತೆಗೆದುಕೊಳ್ಳಿ ಸರ್. ಎರಡನೆಯದು ನಿಮ್ಮಿಷ್ಟ."

ಕಾಗದ ಇನ್ನೂ ಅವರ ಕಡೆಗೇ ತಿರುಗಿತ್ತು. ಪೆನ್ನು ಹುಡುಕುವ ನೆಪದಲ್ಲಿ ಬಾಗಿ, ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಆ ಸಾಲನ್ನು ಓದಿದೆ. ಇನ್ನೊಮ್ಮೆ ಓದಿದೆ. ಏಳು ಎಂದೇ ಇತ್ತು.